20 ಡಾಲರ್ ನೋಟು ಮತ್ತು ಹ್ಯಾರಿಯೆಟ್ ಟಬ್‌ಮನ್‌ಗೆ ಸಲ್ಲದೆ ಉಳಿದ ಬಾಕಿ

2016ರ ಏಪ್ರಿಲ್ 20ರಂದು ಅಮೆರಿಕದ ಅಂದಿನ ಖಜಾನೆ ಕಾರ್ಯದರ್ಶಿ ಜಾಕ್ ಲ್ಯೂ ಒಂದು ಘೋಷಣೆ ಮಾಡಿದರು. 20 ಡಾಲರ್ ನೋಟಿನ ಮುಂಭಾಗದಲ್ಲಿರುವ ಏಳನೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ಚಿತ್ರವನ್ನು ಹಿಂಭಾಗಕ್ಕೆ ಸರಿಸಿ, ಆ ಜಾಗದಲ್ಲಿ ಹ್ಯಾರಿಯೆಟ್ ಟಬ್‌ಮನ್ ಅವರ ಭಾವಚಿತ್ರವನ್ನು ಮುದ್ರಿಸಲಾಗುವುದು. ಹೊಸ ವಿನ್ಯಾಸವನ್ನು, ಆ ದೇಶದ ಮಹಿಳೆಯರಿಗೆ ಸಂವಿಧಾನದ ಮೂಲಕ ಮತದಾನದ ಹಕ್ಕು ದೊರೆತು ನೂರು ವರ್ಷ ತುಂಬುವ 2020ರಲ್ಲಿ ಜನರ ಮುಂದಿಡಲಾಗುವುದು ಎಂಬುದು ಅದರ ಸಾರ. ಅಂದಿನಿಂದ ಶ್ವೇತಭವನದಲ್ಲಿ ಮೂರು ಬಾರಿ ಅಧಿಕಾರ ಬದಲಾಗಿದೆ. 2020 ಬಂದು ಹೋಗಿದೆ. ನೋಟಿನ ಮೇಲಿನ ಮುಖ ಮಾತ್ರ ಬದಲಾಗಿಲ್ಲ.

ಇದನ್ನು ಕೇವಲ ವಿಳಂಬದ ಸುದ್ದಿಯೆಂದು ಓದಿ ಮುಂದೆ ಹೋಗಬಹುದು. ಆದರೆ ಗುಲಾಮಗಿರಿಯಲ್ಲಿ ಹುಟ್ಟಿ, ಅದರಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಅದೇ ನೆಲಕ್ಕೆ ಮರಳಿ ಇತರರನ್ನು ಬಿಡುಗಡೆಯ ಕಡೆಗೆ ನಡೆಸಿದ ಒಬ್ಬ ಮಹಿಳೆಯನ್ನು ಅಮೆರಿಕ ಹೇಗೆ ನೆನೆಯುತ್ತಿದೆ ಎಂಬ ಪ್ರಶ್ನೆ ನೋಟಿನ ವಿಷಯಕ್ಕಿಂತ ದೊಡ್ಡದು. ಟಬ್‌ಮನ್ ಅವರಿಗೆ ಬದುಕಿದ್ದಾಗಲೇ ಹೊಗಳಿಕೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಅವರು ಮಾಡಿದ ಕೆಲಸವನ್ನು ಕೆಲಸವೆಂದೇ ಒಪ್ಪಿ, ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸುವ ಮನಸ್ಸಿಗೆ. ಇಂದಿನ ವಿವಾದವನ್ನು ಆ ಹಳೆಯ ಕೊರತೆಯ ಬೆಳಕಿನಲ್ಲಿ ನೋಡದಿದ್ದರೆ ಅದರ ಅರ್ಧ ಮಾತ್ರ ಕಾಣುತ್ತದೆ.

ನಮ್ಮ ನೋಟುಗಳ ಮೇಲೆ ಗಾಂಧೀಜಿಯವರ ಚಿತ್ರವೊಂದೇ ಇರುವುದರಿಂದ, ನೋಟಿನ ಮುಖ ಇಷ್ಟೊಂದು ಜಗಳಕ್ಕೆ ಕಾರಣವಾಗುವುದು ಭಾರತದ ಓದುಗರಿಗೆ ವಿಚಿತ್ರವೆನಿಸಬಹುದು. ಅಮೆರಿಕದಲ್ಲಿ ಒಂದೊಂದು ಮುಖಬೆಲೆಗೆ ಒಬ್ಬೊಬ್ಬ ವ್ಯಕ್ತಿ. ಆ ಸಾಲು ಯಾರನ್ನು ರಾಷ್ಟ್ರನಿರ್ಮಾಪಕರೆಂದು ಕರೆಯಬೇಕು ಎಂಬುದರ ಪಟ್ಟಿಯೂ ಆಗಿಬಿಟ್ಟಿದೆ, ಮತ್ತು ಅದರಲ್ಲಿರುವವರೆಲ್ಲ ಬಿಳಿಯ ಗಂಡಸರು. ಕಾಗದದ ನೋಟಿನ ಮೇಲೆ ಮಹಿಳೆಯ ಭಾವಚಿತ್ರ ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ, ಮೊದಲ ಅಧ್ಯಕ್ಷರ ಪತ್ನಿ ಮಾರ್ಥಾ ವಾಷಿಂಗ್ಟನ್ ಅವರದ್ದು. ಇನ್ನು ಜಾಕ್ಸನ್ ಟೆನೆಸ್ಸಿಯ ತಮ್ಮ ತೋಟದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು. ಮೂಲನಿವಾಸಿ ಜನಾಂಗಗಳನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದ 1830ರ ಕಾಯ್ದೆಗೆ ಸಹಿ ಹಾಕಿದವರು. ಅಂಥವರ ಸ್ಥಾನದಲ್ಲಿ ಟಬ್‌ಮನ್ ಬರುವುದೆಂದರೆ ಎಷ್ಟೋ ಜನರಿಗೆ ಅದು ಚಿತ್ರದ ಬದಲಾವಣೆಯಾಗಿರಲಿಲ್ಲ, ಇತಿಹಾಸದ ಬಗೆಗಿನ ಒಂದು ತೀರ್ಪಾಗಿತ್ತು.

ಟಬ್‌ಮನ್ ಹುಟ್ಟಿದ್ದು ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿಯಲ್ಲಿ, ಸುಮಾರು 1822ರಲ್ಲಿ. ಗುಲಾಮರ ಮಕ್ಕಳ ಹುಟ್ಟನ್ನು ಯಾರೂ ಆಸ್ಥೆಯಿಂದ ಬರೆದಿಡುತ್ತಿರಲಿಲ್ಲವಾದ್ದರಿಂದ ಈ ‘ಸುಮಾರು’ ಎಂಬ ಮಾತು ಅನಿವಾರ್ಯ. ತಂದೆ ಬೆನ್ ರಾಸ್, ತಾಯಿ ಹ್ಯಾರಿಯೆಟ್ ಗ್ರೀನ್. ಎಲ್ಲರೂ ಆಕೆಯನ್ನು ‘ರಿಟ್’ ಎನ್ನುತ್ತಿದ್ದರು. ಮಗುವಿಗೆ ಇಟ್ಟ ಹೆಸರು ಅರಮಿಂಟಾ, ಕರೆಯುತ್ತಿದ್ದದ್ದು ಮಿಂಟಿ ಎಂದು. ಹದಿಹರೆಯದಲ್ಲಿ ಬಕ್‌ಟೌನ್ ಎಂಬಲ್ಲಿನ ಅಂಗಡಿಯೊಂದರಲ್ಲಿ, ತಪ್ಪಿಸಿಕೊಳ್ಳುತ್ತಿದ್ದ ಮತ್ತೊಬ್ಬ ಗುಲಾಮನತ್ತ ಮೇಲ್ವಿಚಾರಕನೊಬ್ಬ ಎಸೆದ ಎರಡು ಪೌಂಡಿನ ತೂಕದ ಕಬ್ಬಿಣ ಆಕೆಯ ತಲೆಗೆ ಬಡಿಯಿತು. ಅಲ್ಲಿಂದಾಚೆಗೆ ಮಾತಿನ ನಡುವೆಯೇ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವ ತೊಂದರೆ ಜೀವಮಾನವಿಡೀ ಬಿಡಲಿಲ್ಲ. ಮೂವರು ಅಕ್ಕಂದಿರನ್ನು ಒಡೆಯ ದಕ್ಷಿಣದ ರಾಜ್ಯಗಳಿಗೆ ಮಾರಿದ. ಅವರು ಮತ್ತೆ ಮನೆಗೆ ಮರಳಲಿಲ್ಲ. 1849ರಲ್ಲಿ ಆ ಒಡೆಯ ಎಡ್ವರ್ಡ್ ಬ್ರೋಡೆಸ್ ಸಾಲ ಬಿಟ್ಟು ಸತ್ತಾಗ, ಮುಂದಿನ ಮಾರಾಟ ತನ್ನದೇ ಎಂಬುದು ಟಬ್‌ಮನ್‌ಗೆ ಸ್ಪಷ್ಟವಾಯಿತು. ಆ ಶರತ್ಕಾಲದಲ್ಲಿ ತಪ್ಪಿಸಿಕೊಂಡು ಪೆನ್ಸಿಲ್ವೇನಿಯದ ಫಿಲಡೆಲ್ಫಿಯ ಸೇರಿದರು.

ಅಲ್ಲಿಗೆ ಕಥೆ ಮುಗಿದಿದ್ದರೂ ಅದು ದೊಡ್ಡ ಸಾಹಸವೇ. ಆದರೆ ಟಬ್‌ಮನ್ ಅವರನ್ನು ಬೇರೆಯಾಗಿಸುವುದು ಆ ಮುಂದಿನ ಹತ್ತು ವರ್ಷ. ಅದರ ಮೊದಲ ಪ್ರಸಂಗವನ್ನು ತುಸು ಹತ್ತಿರದಿಂದ ನೋಡಬೇಕು. 1850ರ ಡಿಸೆಂಬರಿನಲ್ಲಿ ಅಕ್ಕನ ಮಗಳು ಕೆಸ್ಸಾಯಾ ಮತ್ತು ಆಕೆಯ ಇಬ್ಬರು ಮಕ್ಕಳನ್ನು ಕೇಂಬ್ರಿಜ್ ಪಟ್ಟಣದ ಕೋರ್ಟಿನ ಎದುರು ಹರಾಜಿಗೆ ಇಡಲಾಯಿತು. ಕೆಸ್ಸಾಯಾಳ ಗಂಡ ಜಾನ್ ಬೌಲಿ ಸ್ವತಂತ್ರ ಕಪ್ಪು ಮನುಷ್ಯ, ಹಡಗು ಕಟ್ಟುವ ಬಡಗಿ. ಸವಾಲಿನಲ್ಲಿ ಅತಿ ಹೆಚ್ಚಿನ ಬೆಲೆ ಕೂಗಿದವನು ಅವನೇ. ಅವನ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಹರಾಜು ನಡೆಸುತ್ತಿದ್ದವನು ಊಟಕ್ಕೆ ಹೋಗಿ ಬಂದು ಹಣ ಕೇಳುವಷ್ಟರಲ್ಲಿ ತಾಯಿ ಮಕ್ಕಳು ಮಾಯವಾಗಿದ್ದರು. ಹತ್ತಿರದ ಮನೆಯೊಂದರಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬೌಲಿ ಅವರನ್ನು ಸಣ್ಣ ದೋಣಿಯಲ್ಲಿ ಕೂರಿಸಿ ಚೆಸಾಪೀಕ್ ಕೊಲ್ಲಿಯ ಮೂಲಕ ಬಾಲ್ಟಿಮೋರ್‌ಗೆ ಸಾಗಿಸಿದ. ಅಲ್ಲಿ ಅವರನ್ನು ಎದುರುಗೊಂಡು ಉತ್ತರಕ್ಕೆ ಕರೆದೊಯ್ದವರು ಟಬ್‌ಮನ್.

ಈ ಪ್ರಸಂಗದಲ್ಲಿ ನಾಯಕಿ ಒಬ್ಬಳೇ ಇಲ್ಲ ಎಂಬುದನ್ನು ಗಮನಿಸಬೇಕು. ಸವಾಲು ಕೂಗಿದ ಗಂಡ, ಮನೆಯಲ್ಲಿ ಅಡಗಿಸಿಟ್ಟವರು, ಬಾಲ್ಟಿಮೋರಿನಲ್ಲಿ ಆಸರೆ ಕೊಟ್ಟವರು, ಎಲ್ಲರೂ ಸೇರಿ ಅದನ್ನು ಸಾಧ್ಯವಾಗಿಸಿದರು. ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂದು ಕರೆಯುವ ಈ ಗುಪ್ತ ಜಾಲಕ್ಕೆ ಹಳಿಯೂ ಇರಲಿಲ್ಲ, ರೈಲೂ ಇರಲಿಲ್ಲ; ಇದ್ದದ್ದು ಒಬ್ಬರನ್ನೊಬ್ಬರು ನಂಬಿದ ಜನ. ಫಿಲಡೆಲ್ಫಿಯದಲ್ಲಿ ಬಂದವರ ಹೆಸರು, ಊರು, ನೆಂಟಸ್ತಿಕೆಗಳನ್ನು ಗುಟ್ಟಾಗಿ ಬರೆದಿಟ್ಟ ಕಪ್ಪು ಸಂಘಟಕ ವಿಲಿಯಂ ಸ್ಟಿಲ್, ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಕಬ್ಬಿಣದ ವ್ಯಾಪಾರ ಮಾಡುತ್ತ ನೂರಾರು ಜನರಿಗೆ ನೆರವಾದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಥಾಮಸ್ ಗ್ಯಾರೆಟ್ ಮೊದಲಾದವರ ಹೆಸರು ಉಳಿದಿದೆ. ಮೇರಿಲ್ಯಾಂಡಿನ ಹಳ್ಳಿಗಳಲ್ಲಿ ಬಾಗಿಲು ತೆರೆದ ಬಹುಪಾಲು ಸ್ವತಂತ್ರ ಕಪ್ಪು ಕುಟುಂಬಗಳ ಹೆಸರು ಉಳಿದಿಲ್ಲ.

ಇದೆಲ್ಲವೂ ಅಂದಿನ ಕಾನೂನಿನ ಪ್ರಕಾರ ಅಪರಾಧ. 1850ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿದ ಪಲಾಯಿತ ಗುಲಾಮರ ಕಾಯ್ದೆ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲೂ ಓಡಿಬಂದವರನ್ನು ಹಿಡಿದು ಒಡೆಯರಿಗೆ ಒಪ್ಪಿಸುವುದನ್ನು ಕಡ್ಡಾಯಗೊಳಿಸಿತು. ಸಿಕ್ಕಿಬಿದ್ದವರಿಗೆ ತಮ್ಮ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿರಲಿಲ್ಲ, ತೀರ್ಪುಗಾರರ ಮಂಡಳಿಯ ವಿಚಾರಣೆಯೂ ಇರಲಿಲ್ಲ. ವಿಚಾರಣಾ ಅಧಿಕಾರಿಗೆ, ಆ ವ್ಯಕ್ತಿಯನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟರೆ 5 ಡಾಲರ್ ಶುಲ್ಕವೆಂದು ಕಾಯ್ದೆಯಲ್ಲೇ ನಮೂದಾಗಿತ್ತು. ನೆರವಾದವರಿಗೆ ಸಾವಿರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಹೀಗಾಗಿ ಫಿಲಡೆಲ್ಫಿಯವೂ ಸುರಕ್ಷಿತವಾಗಿ ಉಳಿಯಲಿಲ್ಲ. ಟಬ್‌ಮನ್ ತಮ್ಮವರನ್ನು ಗಡಿಯಾಚೆ ಕೆನಡಾದ ಸೇಂಟ್ ಕ್ಯಾಥರೀನ್ಸ್‌ವರೆಗೆ ಕರೆದೊಯ್ಯಬೇಕಾಯಿತು. ಇಂದು ಅವರನ್ನು ಗೌರವಿಸಲು ಹೊರಟಿರುವ ಒಕ್ಕೂಟ ಸರ್ಕಾರವೇ ಅಂದು ಅವರ ಕೆಲಸವನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತ್ತು. ನನ್ನ ಅಭಿಪ್ರಾಯದಲ್ಲಿ ಈಗಿನ ಎಲ್ಲ ತಕರಾರಿನ ಬೇರು ಇಲ್ಲಿದೆ. ಟಬ್‌ಮನ್ ಅವರನ್ನು ನಿಜವಾಗಿ ಗೌರವಿಸಬೇಕಾದರೆ ಅವರು ಯಾವುದರ ವಿರುದ್ಧ ನಿಂತರು ಎಂಬುದನ್ನು ಹೇಳಲೇಬೇಕು. ಹೇಳಿದರೆ ಆ ದೇಶದ ಕಾನೂನು, ಮಾರುಕಟ್ಟೆ, ನ್ಯಾಯಾಲಯಗಳ ಚರಿತ್ರೆಯೂ ಅದರೊಟ್ಟಿಗೆ ಹೊರಬರುತ್ತದೆ.

ಅದನ್ನು ಹೇಳದೆ ಗೌರವಿಸುವ ಒಂದು ದಾರಿಯೆಂದರೆ ಅವರನ್ನು ಪವಾಡ ಪುರುಷರ ಸಾಲಿಗೆ ಸೇರಿಸಿಬಿಡುವುದು. 19 ಬಾರಿ ಹೋಗಿ 300 ಜನರನ್ನು ಬಿಡಿಸಿದರು, ಅವರ ತಲೆಗೆ 40,000 ಡಾಲರ್ ಬಹುಮಾನವಿತ್ತು ಎಂಬ ಮಾತು ಶಾಲಾ ಪಾಠಗಳಲ್ಲಿ ತಲೆಮಾರುಗಳ ಕಾಲ ಹರಿದಾಡಿತು. 1860ರ ದಶಕದಲ್ಲಿ ಅವರ ಜೀವನಚರಿತ್ರೆ ಬರೆದ ಸಾರಾ ಬ್ರಾಡ್‌ಫರ್ಡ್ ಅವರ ಬರಹ ಈ ಅಂಕಿಗಳಿಗೆ ಮುಖ್ಯ ಆಕರವಾಯಿತು. ಇತ್ತೀಚಿನ ಇತಿಹಾಸಕಾರರು ಪತ್ರ, ನ್ಯಾಯಾಲಯದ ಕಡತ, ಸ್ಟಿಲ್ ಅವರ ಟಿಪ್ಪಣಿಗಳನ್ನೆಲ್ಲ ಹೋಲಿಸಿ ನೋಡಿ, ಸುಮಾರು 13 ಪ್ರಯಾಣ, ಸುಮಾರು 70 ಜನ ಎಂಬ ಲೆಕ್ಕಕ್ಕೆ ಬಂದಿದ್ದಾರೆ. ಇದಲ್ಲದೆ ಇನ್ನೂ ಹಲವು ಹತ್ತು ಜನ ಅವರಿಂದ ದಾರಿ ತಿಳಿದುಕೊಂಡು ತಾವೇ ಹೊರಟರು. 1849ರಲ್ಲಿ ಒಡೆಯನ ವಿಧವೆ ಪತ್ರಿಕೆಯಲ್ಲಿ ಪ್ರಕಟಿಸಿದ ಜಾಹೀರಾತಿನಲ್ಲಿದ್ದ ಬಹುಮಾನ, ರಾಜ್ಯದ ಹೊರಗೆ ಹಿಡಿದರೆ ತಲೆಗೆ 100 ಡಾಲರ್.

ಅಂಕಿ ಇಳಿದರೆ ಹಿರಿಮೆ ಕುಗ್ಗುತ್ತದೆಂದು ಕೆಲವರು ಬೇಸರಪಡುತ್ತಾರೆ. ಆಗುವುದು ಅದರ ತದ್ವಿರುದ್ಧ. 300 ಎಂದಾಗ ಅದೊಂದು ಗುಂಪು. 70 ಎಂದಾಗ ಬಹುತೇಕ ಪ್ರತಿಯೊಬ್ಬರಿಗೂ ಹೆಸರಿದೆ, ನೆಂಟಸ್ತಿಕೆಯಿದೆ. ಅವರು ಮೊದಲು ಹುಡುಕಿ ಹೋದದ್ದು ಅಕ್ಕನ ಮಗಳನ್ನು, ಸಹೋದರರನ್ನು, ಅಪ್ಪ ಅಮ್ಮನನ್ನು. ಕೊನೆಗೆ 1860ರಲ್ಲಿ ತಂಗಿ ರೇಚಲ್‌ಳನ್ನು ಕರೆತರಲು ಹೋದಾಗ ಆಕೆ ಆಗಲೇ ತೀರಿಕೊಂಡಿದ್ದಳು. ಟಬ್‌ಮನ್ ಬರಿಗೈಯಲ್ಲಿ ಮರಳದೆ ಎನ್ನಲ್ಸ್ ಎಂಬ ಬೇರೊಂದು ಕುಟುಂಬವನ್ನು, ಅದರ ಪುಟ್ಟ ಮಕ್ಕಳೊಂದಿಗೆ, ಡಿಸೆಂಬರಿನ ಚಳಿಯಲ್ಲಿ ಕರೆತಂದರು. ಗೆದ್ದದ್ದರ ಜೊತೆಗೆ ಕೈಗೆಟುಕದೆ ಹೋದವರ ಲೆಕ್ಕವನ್ನೂ ಇಟ್ಟುಕೊಂಡ ಬದುಕು ಅದು.

1854ರ ಕ್ರಿಸ್‌ಮಸ್‌ನ ಘಟನೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಮೂವರು ಸಹೋದರರನ್ನು ಹಬ್ಬದ ಮರುದಿನವೇ ಮಾರುವ ಸಿದ್ಧತೆಯಾಗಿತ್ತು. ಅಕ್ಷರ ಬಾರದ ಟಬ್‌ಮನ್, ಓದಲು ಬಲ್ಲ ಸ್ವತಂತ್ರ ಕಪ್ಪು ರೈತ ಜೇಕಬ್ ಜಾಕ್ಸನ್‌ಗೆ ಬೇರೆಯವರ ಹೆಸರಿನಲ್ಲಿ ಒಂದು ಪತ್ರ ಬರೆಸಿದರು. ನನ್ನ ಸಹೋದರರು ಪ್ರಾರ್ಥನೆಯಲ್ಲಿ ಎಚ್ಚರವಾಗಿರಲಿ, ಸಿಯೋನಿನ ಹಡಗು ಬಂದಾಗ ಹತ್ತಲು ಸಿದ್ಧರಿರಲಿ ಎಂಬ ಧಾರ್ಮಿಕ ಮಾತು ಅದರಲ್ಲಿತ್ತು. ಅಂಚೆ ಒಡೆದು ಓದಿದ ಬಿಳಿಯರಿಗೆ ಏನೂ ಹೊಳೆಯಲಿಲ್ಲ. ಜಾಕ್ಸನ್‌ಗೆ ಎಲ್ಲವೂ ತಿಳಿಯಿತು. ಹೊರಟವರು ಹಬ್ಬದ ದಿನ ತಂದೆ ತಾಯಿಯ ಗುಡಿಸಲಿನ ಬಳಿಯ ಮೇವಿನ ಕೊಟ್ಟಿಗೆಯಲ್ಲಿ ಅಡಗಿದರು. ಹಬ್ಬದೂಟಕ್ಕೆ ಬರಬೇಕಾಗಿದ್ದ ಗಂಡುಮಕ್ಕಳಿಗಾಗಿ ತಾಯಿ ಮತ್ತೆ ಮತ್ತೆ ಬಾಗಿಲಿಗೆ ಬಂದು ದಾರಿ ನೋಡುತ್ತಿದ್ದಳು. ಅವಳಿಗೆ ಹೇಳಿದರೆ ಅಳು ಊರಿಗೆಲ್ಲ ಕೇಳುತ್ತದೆಂದು ಯಾರೂ ಹೇಳಲಿಲ್ಲ. ಮಕ್ಕಳು ಹಲಗೆಯ ಸಂದಿಯಿಂದ ಅವಳನ್ನು ನೋಡಿದರು. ತಂದೆ ಬೆನ್ ರಾಸ್ ಊಟ ತಂದುಕೊಟ್ಟನು, ಹೊರಡುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ವಲ್ಪ ದೂರ ಅವರೊಡನೆ ನಡೆದನು. ನಾಳೆ ಹುಡುಕಿಕೊಂಡು ಬಂದವರು ಕೇಳಿದರೆ, ‘ಮಕ್ಕಳನ್ನು ನಾನು ಕಣ್ಣಾರೆ ನೋಡಿಲ್ಲ’ ಎಂದು ಸುಳ್ಳಾಡದೆ ಹೇಳಬೇಕಿತ್ತಲ್ಲ. ಮರುವರ್ಷ, ಅಂದರೆ 1855ರಲ್ಲಿ, ಈ ಬೆನ್ ರಾಸ್ ತನ್ನ ಹೆಂಡತಿಯನ್ನು ಒಡತಿಯಿಂದ 20 ಡಾಲರ್ ಕೊಟ್ಟು ಕೊಂಡನು.

ಸಾಮಾಜಿಕ ಜಾಲತಾಣಗಳಲ್ಲಿ ಟಬ್‌ಮನ್ ಅವರ ಚಿತ್ರದ ಕೆಳಗೆ ಅಡಿಗಡಿಗೆ ಕಾಣಿಸುವ ಒಂದು ಮಾತನ್ನೂ ಇಲ್ಲಿಯೇ ಪ್ರಸ್ತಾಪಿಸಬೇಕು. ‘ಸಾವಿರ ಗುಲಾಮರನ್ನು ಬಿಡಿಸಿದೆ, ತಾವು ಗುಲಾಮರೆಂದು ಅವರಿಗೆ ತಿಳಿದಿದ್ದರೆ ಇನ್ನೂ ಸಾವಿರ ಜನರನ್ನು ಬಿಡಿಸುತ್ತಿದ್ದೆ’ ಎಂಬರ್ಥದ ಆ ಮಾತನ್ನು ಅವರು ಹೇಳಿದ್ದಕ್ಕೆ ಆಧಾರವಿಲ್ಲ. ಸುಳ್ಳು ಉಲ್ಲೇಖಗಳು ಲೆಕ್ಕವಿಲ್ಲದಷ್ಟಿವೆ. ಇದು ಮಾತ್ರ ವಿಶೇಷವಾಗಿ ನೋವುಂಟುಮಾಡುವಂಥದ್ದು, ಏಕೆಂದರೆ ಗುಲಾಮಗಿರಿಯ ಹೊಣೆಯನ್ನು ಅದು ಗುಲಾಮರ ಅರಿವುಗೇಡಿನ ಮೇಲೆ ಹೊರಿಸುತ್ತದೆ. ಕೊಟ್ಟಿಗೆಯ ಸಂದಿಯಿಂದ ತಾಯಿಯನ್ನು ನೋಡಿದ ಆ ಮಕ್ಕಳಿಗೆ ತಾವು ಗುಲಾಮರೆಂದು ತಿಳಿದಿರಲಿಲ್ಲವೇ? ಎಲ್ಲರಿಗೂ ತಿಳಿದಿತ್ತು. ಅಡ್ಡ ನಿಂತದ್ದು ಬೇಟೆನಾಯಿ, ಬಂದೂಕು, ನ್ಯಾಯಾಲಯ, ಹಿಂದೆ ಬಿಟ್ಟುಹೋಗಬೇಕಾದ ಎಳೆಮಕ್ಕಳು. ಅವರು 1896ರಲ್ಲಿ ಮಹಿಳಾ ಮತಾಧಿಕಾರದ ಸಮಾವೇಶವೊಂದರಲ್ಲಿ ನಿಜವಾಗಿ ಆಡಿದ ಮಾತು ಬೇರೆಯೇ: ತಾನು ಎಂಟು ವರ್ಷ ಅಂಡರ್‌ಗ್ರೌಂಡ್ ರೈಲ್‌ರೋಡಿನ ಕಂಡಕ್ಟರ್ ಆಗಿದ್ದೆ, ಒಮ್ಮೆಯೂ ರೈಲು ಹಳಿ ತಪ್ಪಲಿಲ್ಲ, ಒಬ್ಬ ಪ್ರಯಾಣಿಕರನ್ನೂ ಕಳೆದುಕೊಳ್ಳಲಿಲ್ಲ. ತನ್ನ ಕಸುಬನ್ನು ಬಲ್ಲವರ ಮಾತು ಅದು. ಅದರಲ್ಲಿ ಪ್ರಯಾಣಿಕರ ಮೇಲೆ ಯಾವ ದೂರೂ ಇಲ್ಲ.

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲದ ಕೆಲಸ ಸಾರ್ವಜನಿಕ ನೆನಪಿನಲ್ಲಿ ಇನ್ನೂ ಮಸುಕಾಗಿದೆ. 1862ರಲ್ಲಿ ಟಬ್‌ಮನ್ ದಕ್ಷಿಣ ಕೆರೊಲಿನದ ಬ್ಯೂಫರ್ಟ್‌ಗೆ ಹೋಗಿ ಉತ್ತರದ ಒಕ್ಕೂಟ ಸೇನೆಯ ಪರವಾಗಿ ರೋಗಿಗಳ ಆರೈಕೆ ಮಾಡಿದರು, ಅಡುಗೆ ಮಾಡಿದರು, ಬೇಹುಗಾರರ ಒಂದು ಸಣ್ಣ ತಂಡವನ್ನು ನಡೆಸಿದರು. 1863ರ ಜೂನ್ 1ರ ರಾತ್ರಿ ಕರ್ನಲ್ ಜೇಮ್ಸ್ ಮಾಂಟ್ಗೊಮರಿ ಅವರ ನೇತೃತ್ವದಲ್ಲಿ, ಕಪ್ಪು ಸೈನಿಕರನ್ನು ಹೊತ್ತ ದೋಣಿಗಳು ಕೊಂಬಾಹೀ ನದಿಯಲ್ಲಿ ಮೇಲೇರಿದಾಗ, ನೀರಿನಲ್ಲಿ ಶತ್ರುಗಳು ಎಲ್ಲೆಲ್ಲಿ ಸ್ಫೋಟಕ ಹುದುಗಿಸಿದ್ದಾರೆಂಬ ಮಾಹಿತಿ ಸೇನೆಗೆ ದೊರೆತದ್ದು ಸ್ಥಳೀಯ ಕಪ್ಪು ಜನರ ಮೂಲಕ, ಟಬ್‌ಮನ್ ತಂಡದ ಓಡಾಟದಿಂದ. ಬೆಳಗಾಗುವಷ್ಟರಲ್ಲಿ ಭತ್ತದ ಗದ್ದೆಗಳಿಂದ ಜನ ದಂಡೆಗೆ ಓಡಿಬಂದರು. ಒಲೆಯಿಂದ ಆಗಷ್ಟೇ ಇಳಿಸಿದ, ಇನ್ನೂ ಹಬೆಯಾಡುತ್ತಿದ್ದ ಅನ್ನದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು, ಬೆನ್ನಿಗೆ ಮಗುವನ್ನು ಅಂಟಿಸಿಕೊಂಡು ಬಂದ ಹೆಂಗಸೊಬ್ಬಳ ಚಿತ್ರವನ್ನು ಟಬ್‌ಮನ್ ಮುಂದೆ ಬಹಳ ವರ್ಷ ನೆನೆಯುತ್ತಿದ್ದರು. ಆ ಒಂದೇ ದಿನ 700ಕ್ಕೂ ಹೆಚ್ಚು ಜನ ಬಿಡುಗಡೆ ಹೊಂದಿದರು. ಹತ್ತು ವರ್ಷಗಳ ಗುಪ್ತ ಪ್ರಯಾಣಗಳಲ್ಲಿ ಸಾಧ್ಯವಾದುದರ ಹತ್ತು ಪಟ್ಟು ಅದು.

ಈ ಸೇವೆಗೆ ಅವರಿಗೆ ದೊರೆತದ್ದೇನು? ಮೂರು ವರ್ಷಗಳಲ್ಲಿ ಕೈಗೆ ಬಂದದ್ದು ಸುಮಾರು 200 ಡಾಲರ್. ಅದನ್ನೂ ಬಿಡುಗಡೆಗೊಂಡ ಹೆಂಗಸರು ಬಟ್ಟೆ ಒಗೆದು ಸಂಪಾದಿಸಲೆಂದು ಒಂದು ಮನೆ ಕಟ್ಟಿಸಲು ವಿನಿಯೋಗಿಸಿದರು. ತಮ್ಮ ಖರ್ಚಿಗೆ ಹಗಲಿಡೀ ದುಡಿದು ಬಂದ ಮೇಲೆ ರಾತ್ರಿ ಕಡುಬು, ಕೇಕು, ರೂಟ್ ಬಿಯರ್ ಎಂಬ ಪಾನೀಯ ತಯಾರಿಸಿ ಮಾರಿಸುತ್ತಿದ್ದರು. ಯುದ್ಧ ಮುಗಿದು 1865ರಲ್ಲಿ, ತಾವು ನೆಲೆಸಿದ್ದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿಗೆ ಮರಳುವಾಗ, ಸೇನೆಯ ದಾದಿಯೆಂಬ ಆಧಾರದ ಮೇಲೆ ಕೊಟ್ಟ ರಿಯಾಯಿತಿ ಟಿಕೆಟನ್ನು ರೈಲಿನ ಕಂಡಕ್ಟರ್ ಒಪ್ಪದೆ, ಇತರರೊಡನೆ ಸೇರಿ ಅವರನ್ನು ಎಳೆದು ಸಾಮಾನು ಬೋಗಿಗೆ ನೂಕಿದ. ತೋಳಿಗೆ ತೀವ್ರ ಪೆಟ್ಟಾಗಿ ತಿಂಗಳುಗಟ್ಟಲೆ ದುಡಿಯಲಾಗಲಿಲ್ಲ.

ಪಿಂಚಣಿಗಾಗಿ ಅವರು ಮತ್ತು ಅವರ ಹಿತೈಷಿಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಅರ್ಜಿ ಹಾಕುತ್ತಲೇ ಇದ್ದರು. 1890ರ ದಶಕದಲ್ಲಿ ಸಲ್ಲಿಸಿದ ಪ್ರಮಾಣಪತ್ರದಲ್ಲಿ ದಾದಿಯಾಗಿ, ಅಡುಗೆಯವರಾಗಿ, ಎಂಟೊಂಬತ್ತು ಬೇಹುಗಾರರ ಮುಖ್ಯಸ್ಥೆಯಾಗಿ ಮೂರು ವರ್ಷ ಸೇವೆ ಸಲ್ಲಿಸಿದ್ದಕ್ಕೆ 1,800 ಡಾಲರ್ ಬರಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಸರ್ಕಾರ ಮೊದಲು ಕೊಟ್ಟದ್ದು ಅವರ ಎರಡನೆಯ ಪತಿ, ಮಾಜಿ ಸೈನಿಕ ನೆಲ್ಸನ್ ಡೇವಿಸ್ ಅವರ ವಿಧವೆ ಎಂಬ ನೆಲೆಯಲ್ಲಿ ತಿಂಗಳಿಗೆ 8 ಡಾಲರ್. 1899ರಲ್ಲಿ ಕಾಂಗ್ರೆಸ್ಸಿನ ವಿಶೇಷ ಮಸೂದೆಯೊಂದರ ಮೂಲಕ ಅದು 20 ಡಾಲರ್‌ಗೆ ಏರಿತು. ಏರಿಕೆಗೆ ದಾದಿಯ ಸೇವೆ ಆಧಾರವಾಯಿತೇ ಹೊರತು ಬೇಹುಗಾರಿಕೆಯ ನೇತೃತ್ವ ಆಗಲಿಲ್ಲ. ಹೆಂಗಸು ಆರೈಕೆ ಮಾಡಿದ್ದನ್ನು ಒಪ್ಪುವುದು ಸುಲಭವಿತ್ತು, ಸೈನಿಕರಿಗೆ ದಾರಿ ತೋರಿದ್ದನ್ನು ಒಪ್ಪುವುದು ಕಷ್ಟವಿತ್ತು. ತಾಯಿಯನ್ನು ಕೊಳ್ಳಲು ತಂದೆ ತೆತ್ತದ್ದು 20 ಡಾಲರ್, ಇಳಿವಯಸ್ಸಿನ ಪಿಂಚಣಿ 20 ಡಾಲರ್, ಈಗ ಚಿತ್ರ ಬರಬೇಕಾಗಿರುವುದೂ 20 ಡಾಲರ್ ನೋಟಿನ ಮೇಲೆ. ಈ ಮೂರು ಅಂಕಿ ಒಂದಾಗಿರುವುದು ಕಾಕತಾಳೀಯವೇ ಇರಬಹುದು. ಆದರೆ ಹಣದೊಂದಿಗೆ ಈ ಕುಟುಂಬದ ಸಂಬಂಧ ಎಂಥದ್ದಾಗಿತ್ತು ಎಂಬುದನ್ನು ಮರೆತು ನೋಟಿನ ಚರ್ಚೆ ಮಾಡಲಾಗದು.

ಆ ಕಾರಣದಿಂದಲೇ ಕಪ್ಪು ಸಮುದಾಯದ ಒಳಗಿನಿಂದಲೂ ನೋಟಿಗೆ ಆಕ್ಷೇಪ ಬಂದಿದೆ. ಸ್ವತಃ ಸರಕಿನಂತೆ ಬೆಲೆ ಕಟ್ಟಿಸಿಕೊಂಡ ಮಹಿಳೆಯನ್ನು ವಿನಿಮಯದ ಚೀಟಿಯ ಮೇಲೆ ಕೂರಿಸುವುದು ಗೌರವವೇ, ಕಪ್ಪು ಮಹಿಳೆಯರಿಗೆ ಇಂದಿಗೂ ಕಡಿಮೆ ಕೂಲಿ ಸಿಗುತ್ತಿರುವಾಗ ಚಿತ್ರವೊಂದರಿಂದ ಏನಾದೀತು ಎಂದು ಅವರು ಕೇಳುತ್ತಾರೆ. ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಆದರೂ ನಾನು ನೋಟಿನ ಪರವಾಗಿಯೇ ಇದ್ದೇನೆ. ಟಬ್‌ಮನ್ ಹಣವನ್ನು ಮೈಲಿಗೆಯೆಂದು ಕಂಡವರಲ್ಲ. ಪ್ರಯಾಣಗಳಿಗಾಗಿ ಪಾತ್ರೆ ತೊಳೆದು, ಅಡುಗೆ ಮಾಡಿ ಕೂಡಿಟ್ಟರು, ದಾನಿಗಳ ಮನೆ ಬಾಗಿಲಲ್ಲಿ ಕೂತು ಕೇಳಿ ಪಡೆದರು, ತಮಗೆ ಬರಬೇಕಾದ್ದನ್ನು ಸರ್ಕಾರದಿಂದ ಕೊನೆಯವರೆಗೂ ಬೇಡದೆ ಹಕ್ಕಾಗಿ ಕೇಳಿದರು. ಸರ್ಕಾರದ ಹಣದ ಮೇಲೆ ಅವರ ಮುಖ ಬರುವುದು ಆ ಬಾಕಿಯನ್ನು ತೀರಿಸುವುದಿಲ್ಲ, ಬಾಕಿ ಇತ್ತೆಂಬುದನ್ನು ದಿನದಿನವೂ ಕೋಟ್ಯಂತರ ಕೈಗಳಿಗೆ ನೆನಪಿಸಬಲ್ಲದು.

ಇನ್ನು ವಿಳಂಬದ ವಿಚಾರ. ನೋಟುಗಳ ಮರುವಿನ್ಯಾಸ ನಡೆಯುವುದು ಮುಖ್ಯವಾಗಿ ಖೋಟಾನೋಟು ತಡೆಗಟ್ಟಲು, ಅದಕ್ಕೆ ವರ್ಷಗಳ ತಾಂತ್ರಿಕ ಸಿದ್ಧತೆ ಬೇಕು ಎಂಬುದು ನಿಜ. ಅದರ ಜೊತೆಗೆ ರಾಜಕೀಯವೂ ಇದೆ ಎಂಬುದನ್ನು ಮರೆಮಾಚಬೇಕಿಲ್ಲ. 2016ರ ಘೋಷಣೆಯ ಮರುದಿನವೇ, ಆಗ ಅಭ್ಯರ್ಥಿಯಾಗಿದ್ದ ಡೊನಾಲ್ಡ್ ಟ್ರಂಪ್ ಅದನ್ನು ಅಪ್ಪಟ ರಾಜಕೀಯ ಓಲೈಕೆಯೆಂಬರ್ಥದಲ್ಲಿ ಟೀಕಿಸಿ, ಟಬ್‌ಮನ್ ಚಿತ್ರ ಬೇಕಿದ್ದರೆ ಅಪರೂಪಕ್ಕೆ ಬಳಕೆಯಾಗುವ 2 ಡಾಲರ್ ನೋಟಿನ ಮೇಲೆ ಬರಲಿ ಎಂದಿದ್ದರು. 2019ರ ಮೇ ತಿಂಗಳಲ್ಲಿ ಅವರ ಖಜಾನೆ ಕಾರ್ಯದರ್ಶಿ ಸ್ಟೀವನ್ ಮ್ನುಚಿನ್, ಹೊಸ 20 ಡಾಲರ್ ನೋಟು 2028ಕ್ಕೆ ಮುನ್ನ ಬಾರದೆಂದು ಕಾಂಗ್ರೆಸ್ ಸಮಿತಿಗೆ ತಿಳಿಸಿದರು. 2021ರಲ್ಲಿ ಬೈಡನ್ ಆಡಳಿತ ಕೆಲಸವನ್ನು ಚುರುಕುಗೊಳಿಸುವುದಾಗಿ ಹೇಳಿತು; ಆದರೆ ಪ್ರಕಟಿತ ವೇಳಾಪಟ್ಟಿಯಲ್ಲಿ 20 ಡಾಲರ್ ನೋಟಿಗೆ ಗೊತ್ತುಪಡಿಸಿದ ವರ್ಷ 2030. ನೋಟಿನ ಮೇಲೆ ಯಾರ ಮುಖವಿರಬೇಕೆಂದು ತೀರ್ಮಾನಿಸುವ ಅಧಿಕಾರ ಖಜಾನೆ ಕಾರ್ಯದರ್ಶಿಯದ್ದಾದ್ದರಿಂದ, ಒಬ್ಬ ಕಾರ್ಯದರ್ಶಿ ಕೊಟ್ಟ ಮಾತು ಮತ್ತೊಬ್ಬರನ್ನು ಕಟ್ಟಿಹಾಕುವುದಿಲ್ಲ.

2025ರಲ್ಲಿ ನಡೆದದ್ದು ಇದಕ್ಕಿಂತ ಹೆಚ್ಚು ಕಳವಳಕಾರಿ. ಅಂಡರ್‌ಗ್ರೌಂಡ್ ರೈಲ್‌ರೋಡ್ ಕುರಿತು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದ ಪುಟದಲ್ಲಿ ಮೇಲ್ಭಾಗದಲ್ಲಿದ್ದ ಟಬ್‌ಮನ್ ಅವರ ದೊಡ್ಡ ಚಿತ್ರ ಮತ್ತು ಮಾತು ಕಾಣೆಯಾದವು. ಗುಲಾಮರಾಗಿದ್ದವರು ತಪ್ಪಿಸಿಕೊಳ್ಳಲು ಮಾಡಿದ ಪ್ರತಿರೋಧದಿಂದ ಆರಂಭವಾಗುತ್ತಿದ್ದ ವಿವರಣೆಯ ಜಾಗದಲ್ಲಿ, ಕಪ್ಪು ಮತ್ತು ಬಿಳಿ ಜನರ ಸಹಕಾರವನ್ನು ಎತ್ತಿಹಿಡಿಯುವ ಅಂಚೆಚೀಟಿಗಳ ಚಿತ್ರ ಮತ್ತು ಅದೇ ಧಾಟಿಯ ಬರಹ ಬಂತು. ಏಪ್ರಿಲ್ ಆರಂಭದಲ್ಲಿ ವಾಷಿಂಗ್ಟನ್ ಪೋಸ್ಟ್ ಇದನ್ನು ವರದಿ ಮಾಡಿತು. ಟೀಕೆ ಎದ್ದ ಕೂಡಲೇ ಇಲಾಖೆ, ಮೇಲಿನವರ ಒಪ್ಪಿಗೆಯಿಲ್ಲದೆ ಬದಲಾವಣೆ ನಡೆದಿತ್ತೆಂದು ಹೇಳಿ ಪುಟವನ್ನು ಮೊದಲಿನಂತೆ ಮಾಡಿತು. ಪುಟ ಮರಳಿತು ಎಂದು ಸಮಾಧಾನಪಡುವುದು ಸುಲಭ. ಆದರೆ ಆ ತಿದ್ದುಪಡಿ ಎಲ್ಲಿ ಕೈಯಿಟ್ಟಿತು ನೋಡಿ. ಗ್ಯಾರೆಟ್ ಅವರಂಥ ಬಿಳಿಯರ ನೆರವು ನಿಜವಾದದ್ದು, ಅವರು ದಂಡ ತೆತ್ತು ದಿವಾಳಿಯ ಅಂಚಿಗೆ ಬಂದವರು. ಅದನ್ನು ಹೇಳುವುದರಲ್ಲಿ ತಪ್ಪಿಲ್ಲ. ಗುಲಾಮಗಿರಿಯನ್ನೇ ಹಿನ್ನೆಲೆಗೆ ಸರಿಸಿ ಸಹಕಾರವನ್ನಷ್ಟೇ ಉಳಿಸಿದಾಗ ಜನರು ಯಾವುದರಿಂದ ಓಡಿದರು, ಯಾರು ಅಟ್ಟಿಸಿಕೊಂಡು ಬಂದರು ಎಂಬುದು ತಿಳಿಯದೆ ಹೋಗುತ್ತದೆ. ಅದೇ ವರ್ಷದ ಜೂನ್‌ನಲ್ಲಿ, ಟಬ್‌ಮನ್ ಹೆಸರಿನ ನೌಕಾಪಡೆಯ ಹಡಗೂ ಮರುನಾಮಕರಣಕ್ಕೆ ಪರಿಶೀಲಿಸುತ್ತಿರುವ ಪಟ್ಟಿಯಲ್ಲಿದೆಯೆಂದು ಮಾಧ್ಯಮಗಳು ವರದಿ ಮಾಡಿದವು.

ಹಾಗೆಂದು ಗೌರವದ ಕೆಲಸವೆಲ್ಲ ಸ್ಥಗಿತಗೊಂಡಿದೆ ಎಂದೇನೂ ಅಲ್ಲ. 1978ರ ಅಂಚೆಚೀಟಿ, ಮೇರಿಲ್ಯಾಂಡ್ ಮತ್ತು ನ್ಯೂಯಾರ್ಕಿನ ಆಬರ್ನ್‌ನಲ್ಲಿರುವ ಎರಡು ರಾಷ್ಟ್ರೀಯ ಐತಿಹಾಸಿಕ ಉದ್ಯಾನಗಳು ಈಗಾಗಲೇ ಇವೆ. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಕೊಲಂಬಸ್ ಪ್ರತಿಮೆ ಇದ್ದ ಚೌಕಕ್ಕೆ ಟಬ್‌ಮನ್ ಹೆಸರಿಟ್ಟು 2023ರಲ್ಲಿ ಸ್ಮಾರಕ ನಿರ್ಮಿಸಲಾಯಿತು. 2024ರ ನವೆಂಬರ್ 11ರಂದು ಮೇರಿಲ್ಯಾಂಡ್ ಗವರ್ನರ್ ವೆಸ್ ಮೂರ್, ಟಬ್‌ಮನ್ ಅವರಿಗೆ ರಾಜ್ಯದ ನ್ಯಾಷನಲ್ ಗಾರ್ಡ್‌ನ ಬ್ರಿಗೇಡಿಯರ್ ಜನರಲ್ ಪದವಿಯನ್ನು ಮರಣೋತ್ತರವಾಗಿ ನೀಡಿದರು. ಇವುಗಳಲ್ಲಿ ಈ ಪದವಿ ನನಗೆ ಮುಖ್ಯವೆನಿಸುತ್ತದೆ. ಪಿಂಚಣಿ ಕಡತ ಒಪ್ಪಲು ನಿರಾಕರಿಸಿದ್ದನ್ನೇ, ಅಂದರೆ ಅವರು ಯುದ್ಧದಲ್ಲಿ ಜನರನ್ನು ಮುನ್ನಡೆಸಿದ್ದನ್ನೇ, ಅದು ಒಪ್ಪುತ್ತದೆ. ಅದಕ್ಕೂ ಮೊದಲು, 2003ರಲ್ಲಿ ಕಾಂಗ್ರೆಸ್, ಅವರಿಗೆ ಜೀವಿತಕಾಲದಲ್ಲಿ ಕಡಿಮೆಯಾಗಿ ಸಂದ ಪಿಂಚಣಿಗೆ ಪರಿಹಾರವೆಂದು 11,750 ಡಾಲರನ್ನು ಆಬರ್ನ್‌ನ ಮನೆಯ ನಿರ್ವಹಣೆಗೆ ಮಂಜೂರು ಮಾಡಿತ್ತು. ಮೊತ್ತ ಸಣ್ಣದು, ಆದರೆ ಯಾವ ತಪ್ಪಿಗೆ ಎಂಬುದನ್ನು ಬರೆದು ಕೊಟ್ಟ ಹಣ ಅದು. 2024ರಲ್ಲಿ ಟಂಕಸಾಲೆ ಹೊರತಂದ ಸ್ಮರಣಾರ್ಥ ನಾಣ್ಯಗಳ ಪ್ರತಿ ಮಾರಾಟದಲ್ಲೂ ನಿಗದಿತ ಹೆಚ್ಚುವರಿ ಮೊತ್ತ ಆಬರ್ನ್‌ನ ಅದೇ ಮನೆಗೆ ಮತ್ತು ಸಿನ್ಸಿನಾಟಿಯ ಅಂಡರ್‌ಗ್ರೌಂಡ್ ರೈಲ್‌ರೋಡ್ ವಸ್ತುಸಂಗ್ರಹಾಲಯಕ್ಕೆ ಸಲ್ಲುವಂತೆ ಕಾಯ್ದೆಯಲ್ಲೇ ವ್ಯವಸ್ಥೆಯಿತ್ತು.

ಆಬರ್ನ್‌ನ ಆ ಜಾಗದ ಕಥೆಯನ್ನೂ ಹೇಳಬೇಕು. ವಯಸ್ಸಾದ, ದಿಕ್ಕಿಲ್ಲದ ಕಪ್ಪು ಜನರಿಗೆ ಆಶ್ರಯ ಕಟ್ಟಬೇಕೆಂದು ಟಬ್‌ಮನ್ 1896ರಲ್ಲಿ ತಮ್ಮ ಮನೆಯ ಪಕ್ಕದ 25 ಎಕರೆ ಜಮೀನನ್ನು ಹರಾಜಿನಲ್ಲಿ ಕೊಂಡರು. ನಡೆಸಲು ಹಣ ಸಾಲದೆ ಅದನ್ನು ಚರ್ಚಿನ ವಶಕ್ಕೆ ಕೊಟ್ಟರು. ಆಶ್ರಯಧಾಮ 1908ರಲ್ಲಿ ತೆರೆಯಿತು. ಒಳಸೇರಲು 100 ಡಾಲರ್ ಕಟ್ಟಬೇಕೆಂದು ನಿಯಮ ಮಾಡಿದಾಗ ಅವರು ಒಪ್ಪಲಿಲ್ಲ. ಕೈಯಲ್ಲಿ ಏನೂ ಇಲ್ಲದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಇರಬೇಕೆಂಬುದು ಅವರ ಬಯಕೆಯಾಗಿತ್ತು. 1913ರ ಮಾರ್ಚ್ 10ರಂದು ಅವರು ತೀರಿಕೊಂಡದ್ದು ಅದೇ ಆಶ್ರಯಧಾಮದಲ್ಲಿ.

ಇತ್ತೀಚಿನ ಕೆಲಸಗಳಲ್ಲಿ ಅವರಿಗೆ ಅತಿ ಹತ್ತಿರದ ಗೌರವವೆಂದು ನನಗೆ ಕಾಣುವುದು ಇತಿಹಾಸಕಾರ್ತಿ ಎಡ್ಡಾ ಫೀಲ್ಡ್ಸ್-ಬ್ಲ್ಯಾಕ್ ಅವರ ಸಂಶೋಧನೆ. ಕೊಂಬಾಹೀ ದಾಳಿ ಕುರಿತ ಅವರ ಕೃತಿಗೆ 2025ರಲ್ಲಿ ಇತಿಹಾಸ ವಿಭಾಗದ ಪುಲಿಟ್ಜರ್ ಪ್ರಶಸ್ತಿ ಬಂದಿದೆ. ದಾಳಿಯಲ್ಲಿದ್ದ ಕಪ್ಪು ಸೈನಿಕರ, ಅವರ ವಿಧವೆಯರ ಪಿಂಚಣಿ ಕಡತಗಳನ್ನು ಒಂದೊಂದಾಗಿ ಓದಿ, ಅಂದು ದೋಣಿ ಹತ್ತಿದವರ ಹೆಸರು, ಮದುವೆ, ಮಕ್ಕಳು, ನೆರೆಹೊರೆಗಳನ್ನು ಅವರು ಮತ್ತೆ ಜೋಡಿಸಿದ್ದಾರೆ. ಅವರ ಪೂರ್ವಜರೊಬ್ಬರೂ ಆ ದಾಳಿಯಲ್ಲಿ ಸೈನಿಕರಾಗಿದ್ದರು. ಟಬ್‌ಮನ್ ಅವರನ್ನು ಅಷ್ಟು ವರ್ಷ ಅಲೆಸಿದ ಪಿಂಚಣಿ ವ್ಯವಸ್ಥೆಯ ಕಾಗದಗಳೇ ಈಗ ಅವರ ಪ್ರಯಾಣಿಕರನ್ನು ಹೆಸರು ಹಿಡಿದು ಗುರುತಿಸಲು ನೆರವಾಗುತ್ತಿವೆ.

ಇಂಥ ಕೆಲಸಕ್ಕೆ ಕಾಲಮಿತಿಯೂ ಇದೆ. 2020ರಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ಡಾರ್ಚೆಸ್ಟರ್ ಕೌಂಟಿಯ ಬ್ಲ್ಯಾಕ್‌ವಾಟರ್ ಅಭಯಾರಣ್ಯಕ್ಕೆ ಸೇರಿಸಲೆಂದು ಸುಮಾರು 2,600 ಎಕರೆ ಕೊಂಡಿತು. ಅಲ್ಲಿ ಅಗೆದ ಪುರಾತತ್ತ್ವಜ್ಞರು ಬೆನ್ ರಾಸ್ ಗುಡಿಸಲಿನ ನೆಲೆಯನ್ನು ಪತ್ತೆಹಚ್ಚಿದ್ದಾಗಿ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಇಟ್ಟಿಗೆ ಚೂರು, ಪಿಂಗಾಣಿ, 1808ರ ಒಂದು ನಾಣ್ಯ ಅಲ್ಲಿ ದೊರೆತವು. ಮಗಳು ಮರ ಕಡಿಯುವುದನ್ನು, ಜವುಗಿನಲ್ಲಿ ದಾರಿ ಹಿಡಿಯುವುದನ್ನು ತಂದೆಯ ಜೊತೆ ದುಡಿಯುತ್ತ ಕಲಿತ ನೆಲ ಅದು. ಚೆಸಾಪೀಕ್ ಕೊಲ್ಲಿಯ ಈ ಭಾಗದಲ್ಲಿ ಸಮುದ್ರಮಟ್ಟ ಏರುತ್ತಿದ್ದು, ಕಾಡು ಜವುಗಾಗಿ, ಜವುಗು ನೀರಾಗಿ ಬದಲಾಗುತ್ತಿದೆ. 20 ಡಾಲರ್ ನೋಟನ್ನು 2030ರಲ್ಲಿಯೋ ಆಮೇಲೆಯೋ ಮುದ್ರಿಸಲು ಅವಕಾಶವಿದೆ. ಬ್ಲ್ಯಾಕ್‌ವಾಟರ್‌ನ ನೆಲದಲ್ಲಿ ಉಳಿದಿರುವುದನ್ನು ಅಗೆದು, ದಾಖಲಿಸಿ ಇಡಲು ಬೇಕಾದ ಹಣವನ್ನು ಅಷ್ಟು ವರ್ಷ ತಡೆಹಿಡಿದರೆ ಆ ಮೇಲೆ ಅಗೆಯಲು ಅಲ್ಲಿ ನೆಲವೇ ಇರುವುದಿಲ್ಲ.